ಕಂಪನಿ ಬಂದ್ ಮಾಡಾಕ ಹೊಂಟೀರಿ? ಉಳಿದ ದುಡ್ಡಿಗೆ ತೆರಿಗೆ ಹೆಂಗ ಬೀಳತೈತಿ, ಕೇಳ್ರಿ

 

ಹೋದ ಸಂಚಿಕೆ ಆದ ಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. ಹುಡುಗನ ಹೆಸರು ಬೇಡ. ಅವನು ಹೇಳಿದ್ದು ಇಷ್ಟು: "ಅಣ್ಣಾ, ನಾವಿಬ್ಬರೂ ಗೆಳೆಯಾರು ಕೂಡಿ ಪ್ರೈವೇಟ್ ಲಿಮಿಟೆಡ್ ಕಂಪನಿ ತಗದಿದ್ವಿ. ಈಗ ಧಂದೆ ನಿಂತೈತಿ. ಸಾಲ ಇಲ್ಲ, ಖಾತೇದಾಗ ದುಡ್ಡ ಐತಿ. ಅರ್ಧಾ ಅರ್ಧಾ ಹಂಚಿಕೊಂಡ ಬಂದ್ ಮಾಡಿದ್ರ ಆತಲ್ಲಾ?"

ಆತು ಅಂತ ಹೇಳುವಂತಿದ್ದರೆ ಇವತ್ತು ಮಾತಾಡುವ ಕೆಲಸವೇ ಇರಲಿಲ್ಲ. ಈ "ಅರ್ಧಾ ಅರ್ಧಾ" ಅನ್ನುವ ಮಾತು ಎಲ್ಲಿಂದ ಬರುತ್ತದೆ ನೋಡ್ರಿ. ನಮ್ಮ ಹಿರಿಯರು ಮಾಡಿದ್ದೆಲ್ಲ ಪಾಲುದಾರಿಕೆ ವ್ಯಾಪಾರ. ನಿಪ್ಪಾಣಿಯ ತಂಬಾಕಿನ ವಖಾರಿ ಇರಲಿ, ಅಥಣಿಯ ಚಪ್ಪಲಿ ಅಂಗಡಿ ಇರಲಿ, ಬೆಲ್ಲದ ಅಡತಿ ಇರಲಿ, ಒಬ್ಬರೇ ಮಾಲಕರು, ಇಲ್ಲಾ ಅಣ್ಣ-ತಮ್ಮ, ಮಾವ-ಅಳಿಯ ಕೂಡಿದ ಪಾರ್ಟ್ನರ್‌ಶಿಪ್. ಅಲ್ಲಿ ತೆರಿಗೆ ಒಂದೇ ಸಲ. ಪಾಲುದಾರಿಕೆ ಸಂಸ್ಥೆ ತನ್ನ ಲಾಭದ ಮೇಲೆ ತೆರಿಗೆ ಕಟ್ಟಿದ ಮೇಲೆ ಪಾಲುದಾರನ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲ. ಅದಕ್ಕೇ ಕಾಕಾ, ಮಾಮಾ ಎಲ್ಲರೂ "ಟ್ಯಾಕ್ಸ್ ಕಟ್ಟೇವಿ, ಉಳಿದದ್ದು ನಮ್ಮದು" ಅಂತ ಧೈರ್ಯವಾಗಿ ಹೇಳುತ್ತಾರೆ. ಅವರ ವ್ಯಾಪಾರದ ಮಟ್ಟಿಗೆ ಅದು ಖರೆ.

ಕಂಪನಿಯಲ್ಲಿ ಅದು ಖರೆ ಅಲ್ಲ. ಕಂಪನಿ ಬೇರೆ ವ್ಯಕ್ತಿ, ನೀವು ಬೇರೆ ವ್ಯಕ್ತಿ. ಷೇರು ನೂರಕ್ಕೆ ನೂರು ನಿಮ್ಮ ಮನೆಯವರ ಕೈಯಲ್ಲಿದ್ದರೂ ಅದರ ಬ್ಯಾಂಕ್ ಖಾತೆಯ ದುಡ್ಡು ಅದರದ್ದು. ಅದು ತನ್ನ ಲಾಭದ ಮೇಲೆ ಸುಮಾರು 25ರಿಂದ 26 ಪರ್ಸೆಂಟ್ ಕಟ್ಟುತ್ತದೆ. ಉಳಿದದ್ದು ನಿಮ್ಮ ಕೈಗೆ ಬರುವಾಗ ನೀವು ಮತ್ತೊಮ್ಮೆ ಕಟ್ಟಬೇಕು. 40 ಲಕ್ಷ ಲಾಭ ಆದರೆ ಸುಮಾರು 10 ಲಕ್ಷ ಕಂಪನಿಯ ಹಂತದಲ್ಲೇ ಹೋಗುತ್ತದೆ. ಇನ್ನು 30 ಲಕ್ಷದ ಮೇಲೆ ನೀವು ಎಷ್ಟು ಕಟ್ಟಬೇಕು ಅನ್ನುವುದು ಆ ದುಡ್ಡನ್ನು ಯಾವಾಗ, ಯಾವ ಹೆಸರಿನಲ್ಲಿ ಹೊರಗೆ ತೆಗೆದಿರಿ ಅನ್ನುವುದರ ಮೇಲೆ ನಿಂತಿದೆ. ಆ "ಯಾವಾಗ" ಅನ್ನುವ ಮಾತು ನೆನಪಿಟ್ಟುಕೊಳ್ಳಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಶಾಣ್ಯಾತನದ ಕಥೆ ಹೇಳಿಬಿಡುತ್ತೇನೆ.

ನಾನು ಮತ್ತು ನಮ್ಮ ಕಾಕಾನ ಮಗ ಕೂಡಿ ಹನಿ ನೀರಾವರಿ ಸಾಮಾನು ಪೂರೈಸುವ ಕಂಪನಿ ಮಾಡಿದ್ದೆವು. ಇಬ್ಬರದೂ ಅರ್ಧರ್ಧ. ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ದೊಡ್ಡ ಡೀಲರ್‌ಗಳು ಬಂದರು, ಉದ್ರಿ ವಸೂಲಿ ಆಗಲಿಲ್ಲ, ನಿಲ್ಲಿಸೋಣ ಅಂತ ಮಾತಾಡಿಕೊಂಡೆವು. ಪುಸ್ತಕದಲ್ಲಿ 14 ಲಕ್ಷ ಲಾಭ ಉಳಿದಿತ್ತು. ಆಗ ತಂಗಿಯ ಮದುವೆ ಬಂತು. "ಹೆಂಗೂ ನಮ್ಮದೇ ದುಡ್ಡು, ಕೈಗಡ ಅಂತ ಬರಕೊಂಡ್ರಾತು, ಮುಂದ ಬಂದ್ ಮಾಡುವಾಗ ಮುರಕೊಳ್ಳೋಣು" ಅಂತ 9 ಲಕ್ಷ ತೆಗೆದೆ. ಡಿವಿಡೆಂಡ್ ಅಂದರೆ ತೆರಿಗೆ, ಸಾಲ ಅಂದರೆ ತೆರಿಗೆ ಇಲ್ಲ ಅನ್ನುವುದು ನನ್ನ ಲೆಕ್ಕ. ಯಾರನ್ನೂ ಕೇಳಲಿಲ್ಲ.

ಕಾನೂನಿನವರು ಈ ಉಪಾಯವನ್ನು ನಾನು ಹುಟ್ಟುವ ಮೊದಲೇ ನೋಡಿದ್ದರು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 2ರ 22ನೇ ಉಪವಿಭಾಗದಲ್ಲಿ ಒಂದು ಪಟ್ಟಿ ಇದೆ. "ಡಿವಿಡೆಂಡ್ ಅಂತ ನೀವು ಕರೆಯದಿದ್ದರೂ ನಾವು ಡಿವಿಡೆಂಡ್ ಅಂತಲೇ ಹಿಡಿಯುತ್ತೇವೆ" ಅನ್ನುವ ಪಟ್ಟಿ ಅದು. ಪ್ರೈವೇಟ್ ಕಂಪನಿ, 10 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಮತದ ಹಕ್ಕು ಇರುವ ಷೇರುದಾರನಿಗೆ ಸಾಲ ಕೊಟ್ಟರೆ, ಕಂಪನಿಯಲ್ಲಿ ಕೂಡಿಬಿದ್ದ ಲಾಭ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಆ ಸಾಲ ಡಿವಿಡೆಂಡ್. ನನ್ನದು 50 ಪರ್ಸೆಂಟ್. ಲಾಭ 14 ಲಕ್ಷ, ಸಾಲ 9 ಲಕ್ಷ. ಪೂರ್ತಿ 9 ಲಕ್ಷ ನನ್ನ ಆ ವರ್ಷದ ಆದಾಯಕ್ಕೆ ಕೂಡಿತು. ಬೇರೆ ಗಳಿಕೆಯೂ ಇದ್ದ ವರ್ಷ ಅದು. ನೋಟಿಸ್ ಬಂದಾಗ "ವಾಪಸ್ ತುಂಬತೀನ್ರಿ" ಅಂತ ನಮ್ಮ ಲೆಕ್ಕ ನೋಡುವವರ ಮುಂದೆ ಅಂದೆ. ಅವರು ನಕ್ಕರು. ಅದೇ ವರ್ಷದೊಳಗೆ ಸಾಲ ತೀರಿಸಿದರೂ ಡಿವಿಡೆಂಡ್ ಅನ್ನುವುದು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿಬಿಟ್ಟಿದೆ. ತೆರಿಗೆ, ಅದರ ಮೇಲೆ ಬಡ್ಡಿ, ಎರಡೂ ಕಟ್ಟಿದೆ. ಒಂದೇ ಸಮಾಧಾನ ಅಂದರೆ, ಮುಂದೆ ಕಂಪನಿ ನಿಜವಾಗಿ ಡಿವಿಡೆಂಡ್ ಘೋಷಿಸಿ ಅದನ್ನು ಆ ಸಾಲಕ್ಕೆ ಮುರಿದುಕೊಂಡಾಗ, ಆಗಲೇ ತೆರಿಗೆಗೆ ಒಳಪಟ್ಟ ಮೊತ್ತವನ್ನು ಎರಡನೇ ಸಲ ಹಿಡಿಯುವುದಿಲ್ಲ.

ನನಗೆ ವಾಯ್ಸ್ ಮೆಸೇಜ್ ಕಳಿಸಿದ ತಮ್ಮಾ, ನಿಮ್ಮ ಪುಸ್ತಕದಲ್ಲಿ ಡೈರೆಕ್ಟರ್ ಹೆಸರಿನಲ್ಲಿ ಇಂಥ ಬಾಕಿ ಇದೆಯಾ? ಮೊದಲು ಅದನ್ನು ನೋಡಿ.

ಈಗ ಮುಚ್ಚುವ ವಿಷಯಕ್ಕೆ ಬರೋಣ. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು ಇದೆ. ಕಂಪನಿಯನ್ನು ಲಿಕ್ವಿಡೇಷನ್‌ಗೆ ಒಯ್ದು, ಸಾಲಗಾರರಿಗೆಲ್ಲ ಕೊಟ್ಟ ಮೇಲೆ ಉಳಿದದ್ದನ್ನು ಷೇರುದಾರರಿಗೆ ಹಂಚಿದಾಗ, ಕೂಡಿಬಿದ್ದ ಲಾಭದಿಂದ ಬಂದ ಭಾಗವೆಲ್ಲ ಡಿವಿಡೆಂಡ್. ಹಳೆಯ ವರ್ಷಗಳ ಲಾಭ ಮಾತ್ರ ಅಲ್ಲ, ಮುಚ್ಚುವ ದಿನದವರೆಗಿನ ಲಾಭವೂ ಸೇರುತ್ತದೆ. ಕೆಲವರು ಲಾಭವನ್ನು ಬೋನಸ್ ಷೇರು ಮಾಡಿ "ಈಗ ಇದು ಬಂಡವಾಳ ಆತು" ಅನ್ನುತ್ತಾರೆ. ಅದೂ ನಡೆಯುವುದಿಲ್ಲ, ಲಾಭವನ್ನು ಬಂಡವಾಳವಾಗಿ ಬದಲಿಸಿದ್ದರೂ ಬದಲಿಸದಿದ್ದರೂ ಒಂದೇ ಅಂತ ಆ ಸಾಲಿನಲ್ಲೇ ಬರೆದಿದ್ದಾರೆ.

ಲಾಭದ ಭಾಗ ತೆಗೆದ ಮೇಲೆ ಉಳಿಯುವುದು ನೀವು ಹಾಕಿದ ಬಂಡವಾಳ. ಅದಕ್ಕೆ ಸೆಕ್ಷನ್ 46. ಕೈಗೆ ಬಂದದ್ದರಲ್ಲಿ ಡಿವಿಡೆಂಡ್ ಭಾಗ ಕಳೆಯಿರಿ, ಷೇರಿಗೆ ನೀವು ಕೊಟ್ಟ ಬೆಲೆ ಕಳೆಯಿರಿ, ಏನಾದರೂ ಉಳಿದರೆ ಅದು ಬಂಡವಾಳ ಲಾಭ. 5 ಲಕ್ಷ ಹಾಕಿದ್ದಿರಿ, 5 ಲಕ್ಷ ಬಂತು, ಸೊನ್ನೆ. ಗೆಳೆಯ ನಡುವೆ ಬಿಟ್ಟು ಹೋದಾಗ ಅವನ 5 ಲಕ್ಷದ ಷೇರನ್ನು 2 ಲಕ್ಷಕ್ಕೆ ಕೊಂಡಿದ್ದರೆ ಅಲ್ಲಿ 3 ಲಕ್ಷ ಲಾಭ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದರೆ 12.5 ಪರ್ಸೆಂಟ್. ಉಲ್ಟಾ ಆಗಿ, ಹಾಕಿದ 5 ಲಕ್ಷದಲ್ಲಿ 2 ಲಕ್ಷ ಮಾತ್ರ ವಾಪಸ್ ಬಂದರೆ 3 ಲಕ್ಷ ದೀರ್ಘಾವಧಿ ನಷ್ಟ. ರಿಟರ್ನ್ ಅನ್ನು ವಾಯಿದೆಯೊಳಗೆ ಹಾಕಿದರೆ ಅದನ್ನು 8 ವರ್ಷ ಮುಂದೆ ಒಯ್ಯಬಹುದು. ಮುಂದೆ ಯಾವಾಗಾದರೂ ಹೈವೇ ಪಕ್ಕದ ಪ್ಲಾಟ್ ಮಾರಿದರೆ ಆ ಲಾಭದ ಎದುರು ಹಿಡಿದುಕೊಳ್ಳಬಹುದು. ನಷ್ಟದಲ್ಲಿ ಮುಚ್ಚುವವರು "ಹೋದದ್ದು ಹೋತು" ಅಂತ ರಿಟರ್ನ್ ಹಾಕುವುದನ್ನೇ ಬಿಡುತ್ತಾರೆ, ಹಂಗ ಬಿಡಬ್ಯಾಡ್ರಿ.

ಇಲ್ಲಿ ಯೂಟ್ಯೂಬ್‌ನ ಒಂದು ಕಾಟ ಇದೆ. ಲಂಡನ್ ಕಡೆಯವರ ವಿಡಿಯೊ ನೋಡಿ, "ಕಂಪನಿ ಮುಚ್ಚುವಾಗ ತಗೊಂಡ್ರ ಎಲ್ಲಾ ಕ್ಯಾಪಿಟಲ್ ಗೇನ್ ಆಗತೈತಿ, ಕಡಿಮಿ ಟ್ಯಾಕ್ಸ್" ಅಂತ ನನಗೇ ಪಾಠ ಹೇಳಿದವರಿದ್ದಾರೆ. ಬ್ರಿಟನ್‌ನಲ್ಲಿ ಕ್ರಮಬದ್ಧವಾಗಿ ಕಂಪನಿ ಮುಚ್ಚಿದರೆ ಸಾಮಾನ್ಯವಾಗಿ ಷೇರುದಾರನಿಗೆ ಬರುವ ದುಡ್ಡು ಬಂಡವಾಳದ ಲೆಕ್ಕಕ್ಕೇ ಹೋಗುತ್ತದೆ, ಅರ್ಹತೆ ಇದ್ದವರಿಗೆ ರಿಯಾಯಿತಿ ದರವೂ ಇದೆ. ಆ ದರ ಮೊದಲು 10 ಪರ್ಸೆಂಟ್ ಇತ್ತು, 2025ರ ಏಪ್ರಿಲ್‌ನಿಂದ 14, 2026ರ ಏಪ್ರಿಲ್‌ನಿಂದ 18. ಅಲ್ಲಿಯ ಕಾನೂನು ಅಲ್ಲಿಗೆ. ನಮ್ಮಲ್ಲಿ ಲಾಭ ಲಾಭವೇ, ಬಾಗಿಲು ತೆರೆದಾಗ ತಗೊಳ್ಳಿ, ಮುಚ್ಚುವಾಗ ತಗೊಳ್ಳಿ.

ಇನ್ನೊಂದು ಹಳೆಯ ಸಲಹೆ ಊರಿನಲ್ಲಿ ಇನ್ನೂ ತಿರುಗಾಡುತ್ತಿದೆ: "ಡಿವಿಡೆಂಡ್‌ಗೆ ಕಂಪನೀನ ಟ್ಯಾಕ್ಸ್ ಕಟ್ಟತೈತಿ, ನಮಗ ಫ್ರೀ." ಅದು 2020ರ ಮಾರ್ಚ್‌ವರೆಗಿನ ಮಾತು. ಆ ವರ್ಷ ಏಪ್ರಿಲ್ 1ರಿಂದ ಡಿವಿಡೆಂಡ್ ವಿತರಣಾ ತೆರಿಗೆ ಹೋಯಿತು. ಈಗ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಕೂಡಿ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ದೊಡ್ಡ ಸಾಹುಕಾರರಿಗೆ ಇದರಿಂದ ಹೊರೆ ಹೆಚ್ಚಾಯಿತು. ನಮ್ಮಂಥ ಸಣ್ಣವರಿಗೆ ಮಾತ್ರ ಇದರಲ್ಲಿ ಒಂದು ಒಳ್ಳೆಯ ಸಂದಿ ಇದೆ, ಕಾನೂನು ತಾನೇ ಬಿಟ್ಟಿರುವ ಸಂದಿ.

ಒಂದು ಲೆಕ್ಕ ಹಾಕೋಣ, ಬೇಕಾದರೆ ಫೋನಿನಲ್ಲಿ ಬರೆದುಕೊಳ್ಳಿ. ಇದು ಉದಾಹರಣೆಗೆ ಮಾಡಿಕೊಂಡ ಕಂಪನಿ. ಇಬ್ಬರು ಷೇರುದಾರರು, ತಲಾ 5 ಲಕ್ಷ ಬಂಡವಾಳ. ಕಂಪನಿ ತನ್ನ ತೆರಿಗೆ ಕಟ್ಟಿದ ಮೇಲೆ 30 ಲಕ್ಷ ಲಾಭ ಉಳಿದಿದೆ. ಇಬ್ಬರಿಗೂ ಬೇರೆ ಆದಾಯ ಇಲ್ಲ ಅಂದುಕೊಳ್ಳಿ. 2025-26ರ ಹೊಸ ಪದ್ಧತಿಯ ಸ್ಲ್ಯಾಬ್ ಹಿಡಿಯೋಣ.

ಎಲ್ಲ ಒಂದೇ ವರ್ಷ ಹಂಚಿದರೆ ಒಬ್ಬೊಬ್ಬರಿಗೆ 15 ಲಕ್ಷ ಡಿವಿಡೆಂಡ್. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ 5 ಪರ್ಸೆಂಟ್, 20 ಸಾವಿರ. ಅದರ ಮುಂದಿನ 4 ಲಕ್ಷಕ್ಕೆ 10 ಪರ್ಸೆಂಟ್, 40 ಸಾವಿರ. ಉಳಿದ 3 ಲಕ್ಷಕ್ಕೆ 15 ಪರ್ಸೆಂಟ್, 45 ಸಾವಿರ. ಒಟ್ಟು 1 ಲಕ್ಷ 5 ಸಾವಿರ, ಮೇಲೆ 4 ಪರ್ಸೆಂಟ್ ಸೆಸ್. ಒಬ್ಬರಿಗೆ 1,09,200 ರೂಪಾಯಿ. ಇಬ್ಬರಿಗೆ 2,18,400.

ಅದೇ 30 ಲಕ್ಷವನ್ನು ಎರಡು ಆರ್ಥಿಕ ವರ್ಷಗಳಲ್ಲಿ ಹಂಚಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಏಳೂವರೆ ಲಕ್ಷ. ಒಟ್ಟು ಆದಾಯ 12 ಲಕ್ಷದೊಳಗೆ ಇರುವ ನಿವಾಸಿಗೆ ಹೊಸ ಪದ್ಧತಿಯಲ್ಲಿ 60 ಸಾವಿರದವರೆಗೆ ರಿಬೇಟ್ ಇದೆ. ಡಿವಿಡೆಂಡ್‌ಗೆ ಪ್ರತ್ಯೇಕ ದರ ಇಲ್ಲ, ಸ್ಲ್ಯಾಬ್ ದರವೇ, ಹಾಗಾಗಿ ಅದಕ್ಕೂ ಈ ರಿಬೇಟ್ ಸಿಗುತ್ತದೆ. ಎರಡನೇ ವರ್ಷವೂ ಸ್ಲ್ಯಾಬ್ ಹೀಗೇ ಇದ್ದರೆ ತೆರಿಗೆ ಸೊನ್ನೆ, ಸೊನ್ನೆ.

ಅದೇ ದುಡ್ಡು, ಅದೇ ಇಬ್ಬರು. ಎರಡು ಲಕ್ಷ ಹದಿನೆಂಟು ಸಾವಿರ ಹೋಗುವುದಕ್ಕೂ ಉಳಿಯುವುದಕ್ಕೂ ನಡುವೆ ಇರುವುದು ಕ್ಯಾಲೆಂಡರ್ ಮಾತ್ರ. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ, ಪ್ರತಿ ಪೈಸೆ ರಿಟರ್ನ್‌ನಲ್ಲಿ ತೋರಿಸಿಯೇ ಮಾಡುವುದು. ಒಂದು ಮಾತು ಗೊತ್ತಿರಲಿ, ಡಿವಿಡೆಂಡ್ ವರ್ಷಕ್ಕೆ 10 ಸಾವಿರ ದಾಟಿದರೆ ಕಂಪನಿ 10 ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟಬೇಕು. ಏಳೂವರೆ ಲಕ್ಷಕ್ಕೆ 75 ಸಾವಿರ. ರಿಟರ್ನ್ ಹಾಕಿದರೆ ಅದು ರಿಫಂಡ್ ಆಗಿ ಬರುತ್ತದೆ. "ತೆರಿಗೆ ಇಲ್ಲ ಅಂದ ಮ್ಯಾಗ ಟಿಡಿಎಸ್ ಯಾಕ" ಅಂತ ಬಿಟ್ಟರೆ ಬಡ್ಡಿ, ದಂಡ ಕಂಪನಿಯ ಮೇಲೆ.

ಎರಡನೆಯದು, ಡಿವಿಡೆಂಡ್ ಅಂದರೆ ಗೂಗಲ್ ಪೇಯಲ್ಲಿ ಕಳಿಸುವುದಲ್ಲ. ಲೆಕ್ಕಪತ್ರ ಆಗಬೇಕು, ಬೋರ್ಡ್ ಶಿಫಾರಸು ಆಗಬೇಕು, ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಘೋಷಣೆ ಆಗಬೇಕು. ಘೋಷಿಸಿದ 5 ದಿನದೊಳಗೆ ಬೇರೆ ಬ್ಯಾಂಕ್ ಖಾತೆಗೆ ಹಾಕಿ, 30 ದಿನದೊಳಗೆ ಷೇರುದಾರರಿಗೆ ಮುಟ್ಟಿಸಬೇಕು. ಸಭೆ ಅಂದರೆ ಇಬ್ಬರೇ ಇದ್ದರೂ ಸಭೆಯೇ, ನಡಾವಳಿ ಬರೆಯಲೇಬೇಕು. ಧಂದೆ ನಿಂತು ಆ ವರ್ಷ ನಷ್ಟ ಇದ್ದಾಗ ಮಧ್ಯಂತರ ಡಿವಿಡೆಂಡ್‌ಗೆ ಮಿತಿಗಳಿವೆ. ಲಾಭವನ್ನು ಜನರಲ್ ರಿಸರ್ವ್‌ಗೆ ಸರಿಸಿ ಇಟ್ಟಿದ್ದರೆ ಅದಕ್ಕೂ ಬೇರೆ ಮಿತಿಗಳಿವೆ. ಅಲ್ಲಿ ನಿಮ್ಮ ಸಿಎ ಹತ್ತಿರ ಕೂತು ಬ್ಯಾಲೆನ್ಸ್ ಶೀಟ್ ಬಿಚ್ಚಿ ನೋಡಬೇಕು, ಪಾಡ್‌ಕಾಸ್ಟ್ ಕೇಳಿ ಆಗುವ ಕೆಲಸ ಅಲ್ಲ.

ಇನ್ನು ಹೊಲ ಇದ್ದವರಿಗೆ. ಕೃಷ್ಣಾ ದಂಡೆಯ ಕಬ್ಬು ಇರಲಿ, ಅಥಣಿಯ ದ್ರಾಕ್ಷಿ ಇರಲಿ, ಈ ಕಡೆಯ ಹುಡುಗರಿಗೆ ಒಂದು ಗಟ್ಟಿ ನಂಬಿಕೆ: "ನಮ್ಮ ಕಂಪನಿ ಮಾಡಿದ್ದು ಒಕ್ಕಲತನಾ. ಕೃಷಿ ಆದಾಯಕ್ಕ ಟ್ಯಾಕ್ಸ್ ಇಲ್ಲ. ಹಂಗಂದ್ರ ಡಿವಿಡೆಂಡೂ ಕೃಷಿ ಆದಾಯಾನ." ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಬಚಾ ಗುಜ್ದಾರ್ ಎಂಬ ಮುಂಬಯಿಯ ಮಹಿಳೆ ಇದನ್ನೇ ಕೇಳಿಕೊಂಡು ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದರು. ಅವರ ಷೇರು ಇದ್ದದ್ದು ಚಹಾ ಕಂಪನಿಗಳಲ್ಲಿ. ಚಹಾ ಕಂಪನಿಯ ಆದಾಯದಲ್ಲಿ 60 ಪರ್ಸೆಂಟ್ ಕೃಷಿ ಆದಾಯ ಅಂತ ಲೆಕ್ಕ, 40 ಪರ್ಸೆಂಟ್‌ಗೆ ಮಾತ್ರ ತೆರಿಗೆ. ನನ್ನ ಡಿವಿಡೆಂಡ್‌ನಲ್ಲೂ 60 ಪರ್ಸೆಂಟ್ ಬಿಡಿ ಅಂತ ಅವರ ವಾದ. 1954ರಲ್ಲಿ ಕೋರ್ಟ್ ಒಪ್ಪಲಿಲ್ಲ. ಹೊಲ ಕಂಪನಿಯದು, ಬೆಳೆದದ್ದು ಕಂಪನಿ. ಷೇರುದಾರನಿಗೆ ಬರುವ ದುಡ್ಡು ಹೊಲದಿಂದ ಬರುವುದಿಲ್ಲ, ಕಂಪನಿಯ ಜೊತೆಗಿರುವ ಸಂಬಂಧದಿಂದ ಬರುತ್ತದೆ ಅಂತ ತೀರ್ಪು. ಎಪ್ಪತ್ತು ವರ್ಷ ಆಯಿತು, ಇವತ್ತಿಗೂ ಅದೇ ಮಾತು ನಡೆಯುತ್ತಿದೆ. ಕಂಪನಿಯ ಹೆಸರಿನಲ್ಲಿ ಸಸಿ ಬೆಳೆಸಿ ಮಾರಿದವರು ಮುಚ್ಚುವ ಮುನ್ನ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಹಾಗೇ ನಿಮ್ಮ ಹೆಸರಿನಲ್ಲೇ ಇರುವ ಸ್ವಂತ ಹೊಲದ ಆದಾಯ ಇದ್ದರೆ, ಅದಕ್ಕೆ ತೆರಿಗೆ ಇಲ್ಲ ನಿಜ. ಆದರೆ ಉಳಿದ ಆದಾಯಕ್ಕೆ ಯಾವ ದರ ಅಂತ ನೋಡುವಾಗ ಅದನ್ನೂ ಪಕ್ಕದಲ್ಲಿ ಕೂಡಿಸುತ್ತಾರೆ. ಹೊಲದ ಆದಾಯ ದೊಡ್ಡದಿದ್ದರೆ ನನ್ನ ಸೊನ್ನೆ ಲೆಕ್ಕ ನಿಮಗೆ ಸೊನ್ನೆ ಬರದಿರಬಹುದು.

ಈಗ "ಯಾವಾಗ" ಅನ್ನುವ ಪ್ರಶ್ನೆ. ಕಂಪನಿ ಮುಚ್ಚಲು ದಾರಿ ಎರಡು. ಒಂದು ಸ್ಟ್ರೈಕ್ ಆಫ್, 2013ರ ಕಂಪನಿ ಕಾಯ್ದೆಯ ಸೆಕ್ಷನ್ 248. ಎಸ್‌ಟಿಕೆ-2 ಅನ್ನುವ ಫಾರ್ಮ್, 10 ಸಾವಿರ ರೂಪಾಯಿ ಶುಲ್ಕ. 2023ರ ಮೇ ತಿಂಗಳಿಂದ ದೇಶದ ಎಲ್ಲ ಅರ್ಜಿಗಳೂ ಹರಿಯಾಣದ ಮಾನೇಸರ್‌ನ ಸಿ-ಪೇಸ್ ಕೇಂದ್ರಕ್ಕೆ ಹೋಗುತ್ತವೆ, ಆನ್‌ಲೈನ್‌ನಲ್ಲೇ. ಅಗ್ಗದ ದಾರಿ. ಆದರೆ ವ್ಯಾಪಾರ ಮಾಡಿ ನಿಲ್ಲಿಸಿದ ಕಂಪನಿ ಹಿಂದಿನ ಎರಡು ಆರ್ಥಿಕ ವರ್ಷ ಯಾವ ವ್ಯವಹಾರವನ್ನೂ ಮಾಡಿರಬಾರದು. ಎಲ್ಲ ಸಾಲ ತೀರಿರಬೇಕು. ಅರ್ಜಿಯ ಜೊತೆ ಕೊಡುವ ಲೆಕ್ಕಪತ್ರ 30 ದಿನಕ್ಕಿಂತ ಹಳೆಯದಿರಬಾರದು.

ಈ ಎರಡು ವರ್ಷದ ಕಾಯುವಿಕೆಯನ್ನು ಎಲ್ಲರೂ ಬೈಯುತ್ತಾರೆ. ನಾನೂ ಬೈದಿದ್ದೆ. ನಿಮ್ಮ ಲಾಭವನ್ನು ಕಂತಿನಲ್ಲಿ ತೆಗೆಯಲು ಸಿಗುವ ಸಮಯವೂ ಅದೇ ಅಂತ ಆಮೇಲೆ ತಿಳಿಯಿತು. ಒಂದು ವರ್ಷದ ಸಭೆಯಲ್ಲಿ ಸ್ವಲ್ಪ, ಮುಂದಿನ ವರ್ಷದ ಸಭೆಯಲ್ಲಿ ಸ್ವಲ್ಪ. ಬಹಳ ಜನ ಮಾಡುವುದೇನು? ಶಟರ್ ಇಳಿಸಿ, ದುಡ್ಡನ್ನು ಕಂಪನಿಯ ಹೆಸರಿನಲ್ಲೇ ಎಫ್‌ಡಿ ಇಟ್ಟು, ಎರಡು ವರ್ಷ ಆದ ಮೇಲೆ ಒಮ್ಮೆಲೇ ತೆಗೆಯುತ್ತಾರೆ. ಕಂಪನಿಗೆ 4 ಲಕ್ಷದ ವಿನಾಯಿತಿ ಇಲ್ಲ, 12 ಲಕ್ಷದ ರಿಬೇಟ್ ಇಲ್ಲ. ಎಫ್‌ಡಿ ಬಡ್ಡಿಯ ಮೊದಲ ರೂಪಾಯಿಯಿಂದಲೇ ಸುಮಾರು 25 ಪರ್ಸೆಂಟ್. ಆಮೇಲೆ ಕೊನೆಯ ವರ್ಷ ಷೇರುದಾರನ ಸ್ಲ್ಯಾಬ್ ಮೇಲೇರುತ್ತದೆ. ಎರಡೂ ಕಡೆ ಪೆಟ್ಟು.

ಹಾಕಿದ ಬಂಡವಾಳವೇ ದೊಡ್ಡದಾಗಿ ಉಳಿದಿದ್ದರೆ, ಜಾಗ-ಕಟ್ಟಡ ಇದ್ದರೆ, ಸ್ಟ್ರೈಕ್ ಆಫ್ ಸರಿಯಾದ ದಾರಿ ಅಲ್ಲ. ಬಂಡವಾಳವನ್ನು ನಮಗೆ ಬೇಕಾದಾಗ ಷೇರುದಾರರಿಗೆ ವಾಪಸ್ ಕೊಡಲು ಬರುವುದಿಲ್ಲ, ಅದಕ್ಕೆ ಟ್ರಿಬ್ಯೂನಲ್ ಒಪ್ಪಿಗೆ ಬೇಕು. ಅಂಥವರಿಗೆ ಸ್ವಯಂಪ್ರೇರಿತ ಲಿಕ್ವಿಡೇಷನ್, 2016ರ ದಿವಾಳಿ ಸಂಹಿತೆಯ ಸೆಕ್ಷನ್ 59. ಹೆಸರಿನಲ್ಲಿ ದಿವಾಳಿ ಇದೆ ಅಂತ ಗಾಬರಿ ಆಗಬೇಡಿ. ಸಾಲ ತೀರಿಸುವ ಶಕ್ತಿ ಇದ್ದ ಕಂಪನಿಗೇ ಈ ದಾರಿ, ಹಾಗಂತ ಡೈರೆಕ್ಟರುಗಳು ಪ್ರಮಾಣ ಮಾಡಿ ಕೊಡಬೇಕು. ಲಿಕ್ವಿಡೇಟರ್ ನೇಮಕ, ಸಾರ್ವಜನಿಕ ಪ್ರಕಟಣೆ, ಕೊನೆಗೆ ಎನ್‌ಸಿಎಲ್‌ಟಿ ಬೆಂಗಳೂರು ಪೀಠದ ಆದೇಶ. ಖರ್ಚು ಹೆಚ್ಚು, ದುಡ್ಡಿನ ಲೆಕ್ಕ ಮಾತ್ರ ಸ್ವಚ್ಛ. ಮೊದಲು ಲಾಭವನ್ನು ಡಿವಿಡೆಂಡ್ ಆಗಿ ಕಂತಿನಲ್ಲಿ ತೆಗೆದು, ಬಂಡವಾಳ ಮಾತ್ರ ಉಳಿದಾಗ ಲಿಕ್ವಿಡೇಷನ್‌ಗೆ ಹೋದರೆ ಆ ಹಂತದಲ್ಲಿ ಡಿವಿಡೆಂಡ್ ತೆರಿಗೆಗೆ ಹೆಚ್ಚೇನೂ ಉಳಿದಿರುವುದಿಲ್ಲ. ವಾಹನ, ಜಾಗವನ್ನು ಮಾರದೆ ಲಿಕ್ವಿಡೇಷನ್‌ನಲ್ಲಿ ಷೇರುದಾರನಿಗೇ ಕೊಟ್ಟರೆ ಅದನ್ನು ಕಂಪನಿಯ ಮಾರಾಟ ಅಂತ ಹಿಡಿಯುವುದಿಲ್ಲ. ನಿಮ್ಮ ಕೈಯಲ್ಲಿ ಮಾತ್ರ ಅದರ ಅವತ್ತಿನ ಮಾರುಕಟ್ಟೆ ಬೆಲೆಯೇ ಲೆಕ್ಕ.

ಗಡಿಯವರಿಗೆ ಒಂದು ಮಾತು. ಕಾಗವಾಡದಿಂದ ಮೀರಜ್ ಎಷ್ಟು ಹತ್ತಿರ ಅಂತ ಎಲ್ಲರಿಗೂ ಗೊತ್ತು. ನಿಪ್ಪಾಣಿಯವರು ಕೊಲ್ಹಾಪುರದಲ್ಲಿ ಕಂಪನಿ ನೋಂದಾಯಿಸಿರುತ್ತಾರೆ. ನೀವು ಎಲ್ಲಿ ಇರುತ್ತೀರಿ ಅನ್ನುವುದು ಮುಖ್ಯ ಅಲ್ಲ, ಕಂಪನಿಯ ನೋಂದಾಯಿತ ಕಚೇರಿ ಎಲ್ಲಿದೆ ಅನ್ನುವುದು ಮುಖ್ಯ. ಕೊಲ್ಹಾಪುರ, ಸಾಂಗ್ಲಿ ವಿಳಾಸ ಇದ್ದರೆ ನಿಮ್ಮ ರಿಜಿಸ್ಟ್ರಾರ್ ಪುಣೆಯವರು, ಟ್ರಿಬ್ಯೂನಲ್ ಮುಂಬಯಿ. ಇಲ್ಲಿಯ ವಿಳಾಸ ಇದ್ದರೆ ಎರಡೂ ಬೆಂಗಳೂರು. ಆದಾಯ ತೆರಿಗೆಯ ಲೆಕ್ಕ ಎಲ್ಲ ಕಡೆ ಒಂದೇ. ಜಿಎಸ್‌ಟಿ ಎರಡೂ ರಾಜ್ಯದಲ್ಲಿ ತೆಗೆದಿದ್ದರೆ ಎರಡನ್ನೂ ರದ್ದು ಮಾಡಿಸಿ. ಉಳಿದ ಸ್ಟಾಕ್ ಮತ್ತು ಯಂತ್ರದ ಮೇಲೆ ಹಿಂದೆ ಪಡೆದ ಇನ್‌ಪುಟ್ ಕ್ರೆಡಿಟ್‌ನ ಭಾಗವನ್ನು ವಾಪಸ್ ಕಟ್ಟಿ, ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಅಂತಿಮ ರಿಟರ್ನ್ ಹಾಕಬೇಕು.

"ಏನೂ ಮಾಡದ ಸುಮ್ಮನ ಬಿಟ್ರ? ಸರ್ಕಾರನ ತಾನಾಗಿ ತಗದ ಹಾಕತೈತಲ್ಲ?" ಈ ಪ್ರಶ್ನೆ ನೂರು ಸಲ ಕೇಳಿದ್ದೇನೆ. ಹೌದು, ತೆಗೆದುಹಾಕುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 2,09,032 ಕಂಪನಿಗಳನ್ನು ಪಟ್ಟಿಯಿಂದ ಹೊಡೆದುಹಾಕಿದ್ದನ್ನು ಪ್ರಕಟಿಸಿತು. ಅವುಗಳ ಬ್ಯಾಂಕ್ ಖಾತೆಯ ವ್ಯವಹಾರ ತಡೆಯಿರಿ ಅಂತ ಬ್ಯಾಂಕುಗಳಿಗೆ ಸೂಚನೆ ಹೋಯಿತು. ಕಂಪನಿ ಇಲ್ಲ, ಖಾತೆಯಲ್ಲಿ ದುಡ್ಡು ಇದೆ, ಸಹಿ ಮಾಡುವ ಅಧಿಕಾರ ಯಾರಿಗೂ ಇಲ್ಲ. ಆ ದುಡ್ಡು ತೆಗೆಯಬೇಕು ಅಂದರೆ ಟ್ರಿಬ್ಯೂನಲ್‌ಗೆ ಹೋಗಿ ಸತ್ತ ಕಂಪನಿಯನ್ನು ಮತ್ತೆ ಬದುಕಿಸಬೇಕು. ಷೇರುದಾರನಿಗೆ ಅದಕ್ಕೆ 20 ವರ್ಷದವರೆಗೆ ಅವಕಾಶ ಇದೆ, ವಕೀಲರ ಖರ್ಚು ನಿಮ್ಮದು.

ಅದೇ ಹೊತ್ತಿಗೆ ಸತತ ಮೂರು ವರ್ಷ ವಾರ್ಷಿಕ ಲೆಕ್ಕ ಸಲ್ಲಿಸದ ಕಂಪನಿಗಳ ಡೈರೆಕ್ಟರುಗಳನ್ನು 5 ವರ್ಷಕ್ಕೆ ಅನರ್ಹ ಮಾಡಿದರು. ನೂರಾರು ಜನ ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋದರು. ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲಿ 2019ರ ಜೂನ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ತೀರ್ಪು ಕೊಟ್ಟರು. 2014ರ ಏಪ್ರಿಲ್‌ಗಿಂತ ಹಿಂದಿನ ವರ್ಷಗಳನ್ನು ಲೆಕ್ಕಕ್ಕೆ ಹಿಡಿದು ಅನರ್ಹಗೊಳಿಸಿದ್ದು ತಪ್ಪು ಅಂತ ಅಂಥವರಿಗೆ ಪರಿಹಾರ ಸಿಕ್ಕಿತು. ಆದರೆ ಆ ನಿಯಮವೇ ಸರಿ, ಅದು ಪ್ರೈವೇಟ್ ಕಂಪನಿಗೂ ಅನ್ವಯ ಅನ್ನುವುದೂ ಗಟ್ಟಿಯಾಯಿತು. "ನಮ್ಮದು ಸಣ್ಣದು, ಯಾರು ನೋಡತಾರ" ಅನ್ನುವ ಮಾತಿಗೆ ಅಲ್ಲಿ ಜಾಗ ಸಿಗಲಿಲ್ಲ.

ದುಡ್ಡಿನ ಲೆಕ್ಕದಲ್ಲೂ ಸುಮ್ಮನೆ ಬಿಡುವುದು ದುಬಾರಿ. ವಾರ್ಷಿಕ ಎರಡು ಫಾರ್ಮ್, ಎಒಸಿ-4 ಮತ್ತು ಎಂಜಿಟಿ-7ಎ. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಎರಡೂ ಒಂದು ವರ್ಷ ತಡವಾದರೆ 73 ಸಾವಿರ. ಮೂರು ವರ್ಷ ಸುಮ್ಮನೆ ಕೂತು ಆಮೇಲೆ ಸರಿ ಮಾಡಲು ಹೋದರೆ, ಮೊದಲ ವರ್ಷದ್ದು ಮೂರು ವರ್ಷ ತಡ, ಎರಡನೆಯದು ಎರಡು ವರ್ಷ, ಮೂರನೆಯದು ಒಂದು ವರ್ಷ. ಕೂಡಿಸಿದರೆ 4,38,000. ಸ್ಟ್ರೈಕ್ ಆಫ್ ಅರ್ಜಿ ಹಾಕುವ ಮೊದಲು, ವ್ಯವಹಾರ ನಿಲ್ಲಿಸಿದ ವರ್ಷದವರೆಗಿನ ಬಾಕಿ ಫಾರ್ಮ್‌ಗಳನ್ನು ಸಲ್ಲಿಸಲೇಬೇಕು.

ಕಂಪನಿಯ ತೆರಿಗೆ ಬಾಕಿ ಇಟ್ಟು ದುಡ್ಡು ಹಂಚಿಕೊಂಡವರಿಗೆ ಸೆಕ್ಷನ್ 179 ಕಾದಿದೆ. ಪ್ರೈವೇಟ್ ಕಂಪನಿಯಿಂದ ವಸೂಲಿ ಆಗದ ತೆರಿಗೆಗೆ ಆ ಅವಧಿಯಲ್ಲಿ ಡೈರೆಕ್ಟರ್ ಆಗಿದ್ದ ಪ್ರತಿಯೊಬ್ಬರೂ ವೈಯಕ್ತಿಕವಾಗಿ ಹೊಣೆ. ತನ್ನ ಕಡೆಯಿಂದ ಭಾರೀ ನಿರ್ಲಕ್ಷ್ಯ ಆಗಿಲ್ಲ ಅಂತ ಸಾಬೀತು ಮಾಡುವುದೂ ಅವರದೇ ಕೆಲಸ. ಫಾರ್ಮ್ ತುಂಬಲು ಇಬ್ಬರು ಬೇಕು ಅಂತ ಅವ್ವನನ್ನೋ ಹೆಂಡತಿಯನ್ನೋ ಡೈರೆಕ್ಟರ್ ಮಾಡಿರುತ್ತೀರಲ್ಲ, ಅವರೂ ಅದರಲ್ಲಿ ಬರುತ್ತಾರೆ. ನಮ್ಮ ಅವ್ವನ ಹೆಸರು ಮೊದಲು ನಮ್ಮ ಕಂಪನಿಯಲ್ಲಿ ಇತ್ತು. ನೋಟಿಸ್ ಬಂದ ಕಾಲಕ್ಕೆ ಅವಳ ಹೆಸರು ತೆಗೆದಿದ್ದೆವು ಅನ್ನುವುದೊಂದೇ ನೆಮ್ಮದಿ.

ಸೆಕ್ಷನ್ ನಂಬರ್ ಬಗ್ಗೆ ಒಂದು ಎಚ್ಚರ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ. ನಾನು ಹೇಳಿದ ಆದಾಯ ತೆರಿಗೆ ಸೆಕ್ಷನ್ ನಂಬರ್‌ಗಳು ಹಳೆಯ ಕಾಯ್ದೆಯವು. ಹೊಸದರಲ್ಲಿ ನಂಬರ್ ಬೇರೆ, ಲಾಭ ಮತ್ತು ಬಂಡವಾಳವನ್ನು ಬೇರೆ ಮಾಡುವ ರೀತಿ ಅದೇ.

ವಾಯ್ಸ್ ಮೆಸೇಜ್ ಕಳಿಸಿದ ತಮ್ಮನಿಗೆ: ಖಾತೆಯ ದುಡ್ಡು ಮುಟ್ಟುವ ಮೊದಲು ನಿಮ್ಮ ಕಡೆಯ ಬ್ಯಾಲೆನ್ಸ್ ಶೀಟ್ ತೆಗೆದು ಮೂರು ಅಂಕಿ ಬರೆದು ಕಳಿಸಿ. ಷೇರು ಬಂಡವಾಳ ಎಷ್ಟು, ಕೂಡಿಬಿದ್ದ ಲಾಭ ಎಷ್ಟು, ನಿಮ್ಮಿಬ್ಬರ ಹೆಸರಿನಲ್ಲಿ ಕೈಗಡ ಎಷ್ಟು. ಈ ವರ್ಷ ನಿಮ್ಮಿಬ್ಬರಿಗೆ ಬೇರೆ ಆದಾಯ ಎಷ್ಟಿದೆ ಅನ್ನುವುದನ್ನೂ ಹೇಳಿ. ಅಂಕಿ ಬಂದರೆ, ನಿಮ್ಮ ಒಪ್ಪಿಗೆ ಇದ್ದರೆ, ಹೆಸರು ಬಿಟ್ಟು ಮುಂದಿನ ಸಂಚಿಕೆಯಲ್ಲಿ ಆ ಲೆಕ್ಕವನ್ನೇ ಬಿಡಿಸೋಣ. ಬರ್ತೀನ್ರಿ.